ಶನಿವಾರದ ಟಿಪ್ಪಣಿಗಳು

ಈ ವರ್ಷ ಕನ್ನಡ ಶಿಕ್ಷಕರಾಗಿ ಸೇರಿಕೊಂಡವರಿಗೆ ನಾನು ಮೊದಲು ಹೇಳಬಯಸುವುದು ಪಾಠ ಟಿಪ್ಪಣಿಯ ವಿಚಾರವನ್ನೇ. ಮುಖ್ಯೋಪಾಧ್ಯಾಯರ ಸಹಿಗಾಗಿ ಸೋಮವಾರ ಬೆಳಿಗ್ಗೆ ಅದನ್ನು ಗಡಿಬಿಡಿಯಲ್ಲಿ ಗೀಚುವ ಅಭ್ಯಾಸ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ನಾನು ಆ ಗುಂಪಿಗೆ ಸೇರಿದವನಲ್ಲ. ಕೆರಾಡಿಯ ಕಡೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದೆ. ಅಷ್ಟೂ ವರ್ಷ ಪ್ರತಿ ಶುಕ್ರವಾರ ಶಾಲೆ ಬಿಟ್ಟ ಮೇಲೆ ಮುಂದಿನ ವಾರದ ಎಲ್ಲ ಅವಧಿಗಳಿಗೂ ಟಿಪ್ಪಣಿ ಬರೆದು ಮುಗಿಸದೆ ಕುರ್ಚಿ ಬಿಟ್ಟು ಎದ್ದವನಲ್ಲ. ವಿಷಯ, ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂಬ ನಾಲ್ಕು ಅಂಕಣಗಳು. ಹೇಳಿ ಮುಗಿಸಿದ ಅಂಶಕ್ಕೆ ಹಸಿರು ಶಾಯಿಯ ಗುರುತು. ಉಳಿದದ್ದು ಮುಂದಿನ ವಾರಕ್ಕೆ.

ನಾನು ಸೇರಿದಾಗ ಇದ್ದ ಮುಖ್ಯೋಪಾಧ್ಯಾಯರು ವಿಜ್ಞಾನದವರು. ಒಂದು ದಿನ ನನ್ನ ತರಗತಿಯ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು, ಬಳಿಕ ಕೋಣೆಗೆ ಕರೆಸಿದರು.

"ಮಾಷ್ಟ್ರೇ, ನಿಮ್ ಕ್ಲಾಸಂಗೆ ಒಂದ್ ನೊಣ ಸಾ ಕೆಮ್ಮುದಿಲ್ಲ ಅಲ್ದಾ?"

"ಧನ್ಯವಾದಗಳು ಸರ್" ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ಹೊಗ್ಳದ್ದಲ್ಲ ಮಾರಾಯ್ರೆ" ಎಂದರು.

ಆ ಮಾತು ನನಗೆ ಆಗ ತಿಳಿಯಲಿಲ್ಲ. ಮರುವರ್ಷ ಹತ್ತನೆಯ ತರಗತಿಯ ಪಠ್ಯದಲ್ಲಿ ಒಂದು ಪ್ರೇಮಕವಿತೆ ಬಂತು. ದೂರ ಹೋದವನನ್ನು ಕಾಯುವ ಹೆಣ್ಣಿನ ಮಾತು ಅದು. ಇಂಥ ಪದ್ಯವನ್ನು ಹದಿನೈದರ ಮಕ್ಕಳ ಮುಂದೆ ಹೇಗೆ ಓದುವುದೆಂದು ಹೊಸಬರು ಇಂದಿಗೂ ನನ್ನನ್ನು ಕೇಳುತ್ತಾರೆ. ನನ್ನ ಉಪಾಯ ಸರಳವಾಗಿತ್ತು. ಮೊದಲ ಅವಧಿ ಪದಗಳ ಅರ್ಥಕ್ಕೆ, ಎರಡನೆಯದು ಸಾರಾಂಶಕ್ಕೆ. 'ಪ್ರೀತಿ' ಎಂಬ ಶಬ್ದವನ್ನು ನಾನು ಬಾಯಿಗೇ ತರಲಿಲ್ಲ. ಎಲ್ಲ ಕಡೆ 'ಅನುರಾಗ' ಎಂದೆ. ಅನುರಾಗ ಎಂದರೆ ಯಾವ ಮಗುವೂ ನಗುವುದಿಲ್ಲ. ಸಾರಾಂಶ ಬರೆಯಿಸಿ ಮುಗಿಯುವ ಹೊತ್ತಿಗೆ ಮೂರನೆಯ ಬೆಂಚಿನ ಗಿರಿಜೆ ಎದ್ದು ನಿಂತಳು.

"ಸರ್, ಅವ್ಳ್ ಅಷ್ಟೆಲ್ಲ ಕಾಯ್ತಾ ಇದ್ಲ್ ಅಲ್ದಾ. ಅವ ಎಂತಕ್ಕೆ ಬರ್ಲಿಲ್ಲ?"

"ಅದು ಪಠ್ಯದಲ್ಲಿ ಇಲ್ಲ. ಕುಳಿತುಕೋ."

ಗಿರಿಜೆ ಕುಳಿತಳು. ಕುಳಿತು ಪಕ್ಕದವಳ ಕಿವಿಯಲ್ಲಿ, ಇಡೀ ತರಗತಿಗೆ ಕೇಳುವಂತೆ, "ಬಪ್ಪುಕ್ ಮನ್ಸಿಲ್ಲ, ಮತ್ತೆಂತ?" ಎಂದಳು. ಮಕ್ಕಳೆಲ್ಲ ಹೋ ಎಂದು ನಕ್ಕರು. ಗಂಟೆ ಹೊಡೆಯುವ ತನಕ ಅಷ್ಟೂ ಮಂದಿಯನ್ನು ನಿಲ್ಲಿಸಿದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಪ್ರಮಾದಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಎಂದು ಬಹಳ ಕಾಲ ತಿಳಿದಿದ್ದೆ. ಅದಕ್ಕಿಂತ ದೊಡ್ಡದೊಂದು ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಶನಿವಾರ ಮನೆಗೆ ಹೋದಾಗ ಈ ಸಂಗತಿಯನ್ನು ನನ್ನ ಹೆಂಡತಿ ಸುಮತಿಗೆ ಹೇಳಿದೆ. "ಹೆಣ್ಣ್ ಸಮಾ ಕೇಂಡಿತ್ ಕಾಣಿ. ನೀವ್ ಎಂತಕ್ಕೆ ಬೈದ್ರಿ?" ಎಂದಳು. ಸುಮತಿಯೂ ಕನ್ನಡ ಶಿಕ್ಷಕಿ. ಬಾರ್ಕೂರಿನ ಆಚೆಯ ಒಂದು ಅನುದಾನಿತ ಶಾಲೆಯಲ್ಲಿ ಅವಳಿಗೆ ಕೆಲಸ. ಅಲ್ಲಿಂದ ವರ್ಗವಾಗುವ ಪ್ರಶ್ನೆಯೇ ಇಲ್ಲ. ಮನೆ ಬ್ರಹ್ಮಾವರದಲ್ಲಿ. ನಡುವೆ ಕುಂದಾಪುರದಲ್ಲಿ ಮನೆ ಹಿಡಿದಿದ್ದರೂ ಬೆಳಗಿನ ಬಸ್ಸು ಕೆರಾಡಿಯ ಪ್ರಾರ್ಥನೆಯ ಗಂಟೆಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ನಾನು ಶಾಲೆಯ ಹತ್ತಿರವೇ ಒಂದು ಕೋಣೆಯಲ್ಲಿ ಉಳಿದೆ. ಶನಿವಾರ ಮಧ್ಯಾಹ್ನ ಹೊರಟರೆ ಕುಂದಾಪುರದಲ್ಲಿ ಬಸ್ಸು ಬದಲಿಸಿ ಮೂರೂವರೆಗೆ ಮನೆ. ಭಾನುವಾರ ನಾಲ್ಕಕ್ಕೆ ಮತ್ತೆ ಬಸ್ಸು. ನಮಗೆ ಮಕ್ಕಳಾಗಲಿಲ್ಲ. ದೊಡ್ಡ ರಜೆಗಳು ತರಬೇತಿ, ಮೌಲ್ಯಮಾಪನ, ನೆಂಟರ ಮನೆಯ ಮದುವೆಗಳಲ್ಲಿ ಕಳೆಯುತ್ತಿದ್ದವು. ನಮ್ಮ ದಾಂಪತ್ಯವೆಂದರೆ ವಾರಕ್ಕೆ ಸರಿಯಾಗಿ ಒಂದು ದಿನ.

ವಾರದ ನಡುವೆ ನಮ್ಮಿಬ್ಬರ ಸಂಪರ್ಕವೆಂದರೆ ಬಸ್ಸಿನಲ್ಲಿ ಕೊಟ್ಟು ಕಳಿಸುವ ಚೀಲ. ಅವಳು ಒಣಮೀನಿನ ಚಟ್ನಿ ಕಳಿಸಿದರೆ ನಾನು ಜೇನನ್ನೋ ಸಾರಿನ ಹುಳಿಗೆ ಹಾಕುವ ಮುರುಗಲ ಸಿಪ್ಪೆಯನ್ನೋ ಕಳಿಸುತ್ತಿದ್ದೆ. ಕೆರಾಡಿಯ ಬಸ್ಸಿನ ಕಂಡಕ್ಟರ್ ಶೀನನ ಕೈಗೆ ಚೀಲ ಕೊಡುವಾಗ ಒಮ್ಮೆ ನಾನು, "ಶೀನಾ, ಇದನ್ನು ಕುಂದಾಪುರದಲ್ಲಿ ಬ್ರಹ್ಮಾವರದ ಬಸ್ಸಿನವರಿಗೆ ದಯವಿಟ್ಟು ತಲುಪಿಸುವೆಯಾ?" ಎಂದೆ.

"ಕೊಡ್ತೆ, ಕೊಡ್ತೆ. ಹ್ವಾಯ್ ಮಾಷ್ಟ್ರೇ, ನೀವ್ ಬಾಯ್ ಬಿಟ್ರೆ ರೇಡಿಯೋದಂಗೆ ವಾರ್ತೆ ಓದ್ದಂಗ್ ಆತ್ತ್. ಮನೇಲಿ ಟೀಚರ್ ಹತ್ರ ಸಾ ಹೀಂಗೇ ಮಾತಾಡುದಾ?"

"ಹೌದು."

"ಪಾಪ" ಎಂದು ಅವನು ಸೀಟಿ ಊದಿದ. ಬಸ್ಸಿನವರೆಲ್ಲ ನಕ್ಕರು.

ಅವನಿಗೆ ತಿಳಿಯದ ಸಂಗತಿ ಬೇರೆ ಇತ್ತು. ಮದುವೆಯಾದ ಹೊಸತರಲ್ಲಿ ಒಂದು ಶನಿವಾರ ಎರಡೂವರೆ ತಾಸು ಬಸ್ಸಿನಲ್ಲಿ ಕುಳಿತು ಮನೆ ಮುಟ್ಟಿದವನಿಗೆ, ಹೆಂಡತಿಯ ಎದುರು ಕುಳಿತರೆ ಒಂದು ಮಾತೂ ಹೊಳೆಯಲಿಲ್ಲ. ಅವಳು ಚಾ ಕೊಟ್ಟಳು, ಕುಡಿದೆ. ಸಾರು ಚೆನ್ನಾಗಿದೆ ಎಂದೆ. ಮರುದಿನ ಸಂಜೆ ವಾಪಸು ಬಸ್ಸು ಹತ್ತಿ ಕುಂದಾಪುರ ದಾಟುವಷ್ಟರಲ್ಲಿ ಅವಳಿಗೆ ಹೇಳಬೇಕಾಗಿದ್ದ ಇಪ್ಪತ್ತು ವಿಷಯಗಳು ಒಂದರ ಮೇಲೊಂದು ನೆನಪಾದವು. ಆ ಬಸ್ಸಿನಲ್ಲಿ ನನಗಾದ ಸಂಕಟಕ್ಕೆ ನಾನು ಬಲ್ಲ ಪರಿಹಾರ ಒಂದೇ ಆಗಿತ್ತು. ಮುಂದಿನ ಶುಕ್ರವಾರ ಶಾಲೆಯ ಟಿಪ್ಪಣಿ ಮುಗಿಸಿದ ಮೇಲೆ ಬೇರೊಂದು ಪುಸ್ತಕ ತೆಗೆದು, ಮೇಲೆ 'ಶನಿವಾರ' ಎಂದು ಬರೆದು, ಕೆಳಗೆ ಅಂಶಗಳನ್ನು ಹಾಕಿದೆ. ಒಂದು: ಗೋಡೆಯೊಳಗಿನಿಂದ ಬಂದ ಉಡ. ಎರಡು: ಗಿರಿಜೆಯ ತಾಯಿ ಶಾಲೆಗೆ ಬಂದು ಹೇಳಿದ್ದು. ಮೂರು: ಸುಮತಿಯ ಕೆಮ್ಮು ಹೇಗಿದೆ ಎಂದು ಕೇಳುವುದು. ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿದೆ. ಆ ಶನಿವಾರ ನಾನು ಮಾತಾಡಿದ್ದನ್ನು ಕಂಡು ಅವಳು, "ಎಂತ, ಇವತ್ ಭಾರೀ ಖುಷಿಯಂಗ್ ಇದ್ದಾಂಗ್ ಕಾಣ್ತ್?" ಎಂದಳು. ಮರಳುವಾಗ ಹೇಳಿದ ಅಂಶಗಳಿಗೆ ಹಸಿರು ಗುರುತು ಹಾಕಿದೆ.

ವರ್ಷಕ್ಕೊಂದು ಪುಸ್ತಕದಂತೆ ಅದು ಬೆಳೆಯಿತು. ಕಂದು ಕಾಗದದ ಹೊದಿಕೆ, ಮೇಲೆ ವರ್ಷದ ಚೀಟಿ. ಆಮೇಲೆ ಮೊಬೈಲ್ ಬಂತು. ನನ್ನ ಕೋಣೆಗೆ ಸಿಗ್ನಲ್ ಬರಲು ಇನ್ನಷ್ಟು ವರ್ಷ ಹಿಡಿಯಿತು. ಬಂದ ಮೇಲೂ ನಾವು 'ಊಟ ಆಯ್ತಾ' ಎಂಬುದನ್ನು ದಾಟಿ ಹೋಗಲಿಲ್ಲ. ನನ್ನ ಮಾತೆಲ್ಲ ಶನಿವಾರಕ್ಕೆ ಮೀಸಲು.

ಈ ನಡುವೆ ಬೋಧನೆಯ ಕ್ರಮ ಬದಲಾಯಿತು. ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಬೇಕೆಂದರು. ನನ್ನ ಅರ್ಧ ವಯಸ್ಸಿನ ತರಬೇತುದಾರಳೊಬ್ಬಳು ನನ್ನ ಪಾಠ ನೋಡಿ, "ಸರ್, ನೀವು ಬಹಳ ಚೆನ್ನಾಗಿ ಮಾತಾಡ್ತೀರಿ. ಒಂದು ಅವಧಿ ಮಾತಾಡದೆ ಇದ್ದು ನೋಡಿ" ಎಂದಳು. ಕೋಪ ಬಂತು. ಆದರೂ ಆದೇಶ ಪಾಲಿಸುವುದು ನನ್ನ ಸ್ವಭಾವ. ಪ್ರೇಮದ ಪದ್ಯವೇ ಇತ್ತು, ಸಾರಾಂಶ ಬರೆಯಿಸದೆ, "ನಿಮ್ಮ ಮನೆಯಲ್ಲಿ ಯಾರು ಯಾರನ್ನು ಕಾಯುತ್ತಾರೆ?" ಎಂದಷ್ಟೇ ಕೇಳಿ ಸುಮ್ಮನೆ ಕುಳಿತೆ. ಒಬ್ಬಳು ಹೇಳಿದಳು: "ಅಪ್ಪಯ್ಯ ಬೊಂಬಾಯಂಗೆ ಹೋಟ್ಲಂಗ್ ಇಪ್ಪುದ್ ಸರ್. ವರ್ಷಕ್ಕ್ ಒಂದ್ಸಲ ಬಪ್ಪುದ್. ಬಂದ್ ದಿನ ಅಮ್ಮ ಎಂತದೂ ಮಾತಾಡುದಿಲ್ಲ. 'ಚಾ ಮಾಡ್ಲಾ, ಚಾ ಮಾಡ್ಲಾ' ಅಂದ್ ಕೇಂತಾ ಇಪ್ಪುದ್. ಅಪ್ಪಯ್ಯ ಪ್ರತಿ ಸಲಾನೂ 'ಹ್ಞೂಂ' ಅಂಬುದ್. ಒಂದ್ ದಿನಕ್ಕೆ ಎಂಟ್ ಚಾ!" ತರಗತಿ ನಕ್ಕಿತು. ನಾನೂ ನಕ್ಕೆ. ಹೊಸಬರು ಪ್ರೇಮಕವಿತೆಯ ಬಗ್ಗೆ ಕೇಳಿದರೆ ನನ್ನ ಉತ್ತರ ಇಷ್ಟೇ: ಹಾಗೆ ಕೇಳಿ, ಹಾಗೆ ಕುಳಿತುಕೊಳ್ಳಿ.

ಆ ಎಂಟು ಚಾಗಳನ್ನು ಶನಿವಾರದ ಪಟ್ಟಿಯಲ್ಲಿ ಬರೆದುಕೊಂಡೆ. ಏಕೋ ಸುಮತಿಗೆ ಹೇಳಲಿಲ್ಲ. ಗುರುತು ಬೀಳದೆ ಉಳಿಯಿತು.

ಇನ್ನು ಆ ದೊಡ್ಡ ಪ್ರಮಾದ. ಹನ್ನೆರಡು ವರ್ಷಗಳ ಹಿಂದೆ ವರ್ಗಾವಣೆಯ ಕೌನ್ಸೆಲಿಂಗ್ ನಡೆಯಿತು. ಅದರ ರೀತಿ ನಿಮಗೆ ಗೊತ್ತಾಗಲೇಬೇಕು: ಸಭಾಂಗಣದಲ್ಲಿ ಜ್ಯೇಷ್ಠತೆಯ ಕ್ರಮದಲ್ಲಿ ಹೆಸರು ಕರೆಯುತ್ತಾರೆ, ಪರದೆಯ ಮೇಲೆ ಖಾಲಿ ಹುದ್ದೆಗಳು ಕಾಣುತ್ತವೆ, ನಿಮ್ಮ ಸರದಿ ಬಂದಾಗ ಅಲ್ಲೇ ಹೇಳಬೇಕು. ನನ್ನ ಹೆಸರು ಕರೆದಾಗ ಪರದೆಯ ಮೇಲೆ ಬ್ರಹ್ಮಾವರದ ಒಂದು ಹುದ್ದೆ ಇತ್ತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಎದ್ದು ನಿಂತು, "ಈ ಸಲ ಬೇಡ" ಎಂದೆ. ನನ್ನ ನಂತರ ಬೈಂದೂರಿನ ಕಡೆಯ ಒಬ್ಬ ಶಿಕ್ಷಕರ ಸರದಿ. ಅವರು ಆ ಹುದ್ದೆ ಹಿಡಿದು, ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ ಉಪ್ಕಾರ ಜನ್ಮಂಗೆ ಮರೂದಿಲ್ಲ. ಮಕ್ಳ್ ಹತ್ರ ಇಪ್ಪುಕಾಯ್ತ್" ಎಂದರು. ಅವರ ಕಣ್ಣು ತುಂಬಿತ್ತು.

ಸುಮತಿಗೆ, ಖಾಲಿ ಹುದ್ದೆ ಇರಲಿಲ್ಲ ಎಂದೆ. "ಹೋಯ್ಲಿ ಬಿಡಿ. ಇನ್ನೊಂದ್ ವರ್ಷ ಸಿಕ್ಕುತ್ತ್" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಇನ್ನೊಂದು ವರ್ಷ ಸಿಗಲಿಲ್ಲ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕಳೆದ ವರ್ಷ, ಸ್ವಯಂ ನಿವೃತ್ತಿ ಪಡೆದೆ. ಅರ್ಜಿಯಲ್ಲಿ 'ಕೌಟುಂಬಿಕ ಕಾರಣ' ಎಂದು ಬರೆದೆ. ಬಿಡಿಸಿ ಬರೆಯುವುದಾದರೆ, ನನ್ನ ಹೆಂಡತಿ ಬುಧವಾರ ಹೇಗಿರುತ್ತಾಳೆಂದು ನಾನು ನೋಡಿರಲಿಲ್ಲ. ನೋಡಬೇಕೆಂಬ ಆಸೆ ತಡೆಯಲಾಗದಷ್ಟು ಬೆಳೆದಿತ್ತು. ಶನಿವಾರದ ಸುಮತಿ ತಲೆಗೆ ಹೂ ಮುಡಿದು, ಕಾಣೆಮೀನು ಹುರಿದು ಕಾಯುತ್ತಿದ್ದವಳು. ಬುಧವಾರದ ಸುಮತಿ ಸಂಜೆ ಐದಕ್ಕೆ ಬಸ್ಸಿಳಿದು ಬಂದು, ಚೀಲ ಕೆಳಗಿಟ್ಟು, ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳುವವಳು. ಅವಳ ಎದುರು ಏನು ಹೇಳಬೇಕೆಂದು ತಿಳಿಯದೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಈಗ ನನ್ನಲ್ಲಿ ಟಿಪ್ಪಣಿ ಇರಲಿಲ್ಲ. ಬರೆದಿಡಲು ಅವಳಿಂದ ದೂರ ಕಳೆಯುವ ವಾರವೇ ಉಳಿದಿರಲಿಲ್ಲ. ದಿನವಿಡೀ ಒಬ್ಬನೇ ಮನೆಯಲ್ಲಿದ್ದು, ಕೆರಾಡಿಯ ಕೋಣೆಯಲ್ಲಿ ಅವಳಿಗಾಗಿ ಹಂಬಲಿಸಿದ್ದಕ್ಕಿಂತ ಹೆಚ್ಚಾಗಿ, ಒಂದೇ ಸೂರಿನ ಕೆಳಗೆ ಅವಳಿಗಾಗಿ ಹಂಬಲಿಸಿದೆ.

ಕೆರಾಡಿಯಿಂದ ಬಂದ ನನ್ನ ಟ್ರಂಕನ್ನು ಒಂದು ಭಾನುವಾರ ಸುಮತಿ ಗೆದ್ದಲಿಗೆ ಹೆದರಿ ಬಿಸಿಲಿಗೆ ತೆರೆದಳು.

"ಹ್ವಾಯ್, ಇದೆಂತ? ಎಲ್ಲದ್ರ ಮೇಲೂ ಶನಿವಾರ ಅಂದ್ ಬರ್ದಿತ್?"

"ಅದು... ಟಿಪ್ಪಣಿ."

"ಎಂತದ್ದ್ ಟಿಪ್ಪಣಿ?"

"ನಿನ್ನೊಡನೆ ಏನು ಮಾತಾಡಬೇಕು ಎಂಬುದರ ಬಗ್ಗೆ."

ಅವಳು ಒಂದು ಪುಟ ಓದಿದಳು. ನಗಲು ಶುರುಮಾಡಿ, ನಕ್ಕು ನಕ್ಕು ಅಂಗಳದಲ್ಲೇ ಕುಕ್ಕರಿಸಿದಳು. "ಅಯ್ಯೋ ದೇವ್ರೇ! 'ಸುಮತಿಯ ಹೊಸ ಸೀರೆಯ ಬಗ್ಗೆ ಒಳ್ಳೆಯ ಮಾತು ಹೇಳುವುದು' ಅಂಬ್ರ್. ಇದಕ್ಕೆ ಸಾ ಗುರ್ತ್ ಹಾಕಿದ್ರಿ! ನಾನ್ ಓದ್ಲಾ ಇದನ್ನ?"

ಅವಳ ನಗುವನ್ನು ಕಂಡ ಖುಷಿಯಲ್ಲಿ ನಾನು ಹೂಂ ಎಂದುಬಿಟ್ಟೆ. ಅವಳು ಅಷ್ಟನ್ನೂ ಬಟ್ಟೆಯ ಚೀಲಕ್ಕೆ ತುಂಬಿದಳು. ಶಾಲೆಯ ಕಪಾಟಿನಲ್ಲಿಟ್ಟು ಖಾಲಿ ಅವಧಿಗಳಲ್ಲಿ ಓದುತ್ತೇನೆಂದಳು. ಚೀಲ ಮನೆಯಿಂದ ಹೋದ ಮೇಲೆ ನನಗೆ ಕೌನ್ಸೆಲಿಂಗಿನ ವಾರ ನೆನಪಾಯಿತು. ಹೇಳಬೇಕಾದ ಯಾವುದನ್ನೂ ಬಿಡದೆ ಬರೆಯುವ ನಾನು ಅದನ್ನೂ ಬರೆದಿದ್ದೆ. ಅಂಶ ಎರಡು: 'ವರ್ಗಾವಣೆ. ಬೇಡವೆಂದದ್ದನ್ನು ತಿಳಿಸದೆ, ಖಾಲಿ ಹುದ್ದೆ ಇರಲಿಲ್ಲ ಎಂದು ಹೇಳುವುದು.' ಮುಂದೆ ಹಸಿರು ಗುರುತು.

ಮುಂದಿನ ಮೂರು ವಾರ ನಾನು ಲೆಕ್ಕ ಹಾಕುತ್ತಾ ಕಳೆದೆ. ವಾರಕ್ಕೆ ಮೂರು ಪುಸ್ತಕ ಓದಿದರೂ ಆ ಪುಸ್ತಕ ತಲುಪಲು ಇನ್ನೂ ಕೆಲವು ದಿನ ಇದೆ. ಪ್ರತಿ ಸಂಜೆ ಬಸ್ ಸ್ಟಾಪಿಗೆ ಹೋಗಿ, ಅವಳು ಬಸ್ಸಿಳಿದಾಗ ಮುಖ ನೋಡುತ್ತಿದ್ದೆ. ಪುಸ್ತಕಗಳ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ. ನಗುವುದೂ ನಿಂತಿತ್ತು. ಅವಳು ಓದಿ ತಿಳಿಯುವ ಮೊದಲು ನಾನೇ ಹೇಳಿದರೆ, ಸುಳ್ಳು ಸುಳ್ಳಾಗಿಯೇ ಉಳಿದರೂ ಅದನ್ನು ಒಪ್ಪಿಕೊಂಡವನು ನಾನೇ ಎಂದಾದರೂ ಆಗುತ್ತದೆ ಎನಿಸಿತು. ನಾಲ್ಕನೆಯ ವಾರದ ಬುಧವಾರ ಬಸ್ ಸ್ಟಾಪಿನಿಂದ ಮನೆಗೆ ನಡೆಯುವಾಗ ಬಾಯಿ ತೆರೆದೆ.

"ಸುಮತಿ, ಆ ವರ್ಷ ಬ್ರಹ್ಮಾವರದಲ್ಲಿ ಒಂದು ಹುದ್ದೆ ಖಾಲಿ ಇತ್ತು. ನಾನೇ ಬೇಡವೆಂದೆ."

ಅವಳು ನಡಿಗೆ ನಿಲ್ಲಿಸಲಿಲ್ಲ. "ಗೊತ್ತಿತ್ತ್. ಓದಿ ಇಪ್ಪತ್ ದಿನ ಆಯ್ತ್."

"ಅಷ್ಟು ಬೇಗ ಆ ಪುಸ್ತಕಕ್ಕೆ ಹೇಗೆ ಬಂದೆ?"

"ಹೊಸ್ತೇ ಮೇಲೆ ಇದ್ದಿತ್. ಮೇಲಿಂದ ತೆಗ್ದ್, ದಿನಕ್ಕ್ ಮೂರ್ ಮೂರ್ ಓದ್ದೆ. ನಿಮ್ ಹಾಂಗೆ ಒಂದ್ರಿಂದ ಶುರು ಮಾಡ್ಕ್ ಅಂದ್ ಕಾನೂನ್ ಇತ್ತಾ?"

"ಮತ್ತೆ ಪುಸ್ತಕಗಳನ್ನು ಇನ್ನೂ ಏಕೆ ಮರಳಿ ತಂದಿಲ್ಲ?"

ಅವಳು ಆಗ ನಿಂತಳು. ಗದ್ದೆಯ ಅಂಚು, ಎದುರಿನಿಂದ ಸ್ಕೂಟರಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬಂದವನಿಗೆ ಇಬ್ಬರೂ ದಾರಿ ಬಿಟ್ಟೆವು. "ಕಾರಣ ಹುಡ್ಕ್ತಾ ಇದ್ದೆ. ಅದ್ರ ಹಿಂದಿನ್ ವರ್ಷದ್ರಂಗೆ ಇತ್ತಾ, ಅದ್ರ ಹಿಂದಿನ್ದ್ರಂಗೆ ಇತ್ತಾ ಅಂದ್. ಎಲ್ಲೂ ಬರೀಲಿಲ್ಲ ನೀವ್. ಮಕ್ಳಿಗೆ ಮಾತ್ರ ಕಾರಣ ಕೊಡಿ, ಕಾರಣ ಕೊಡಿ ಅಂತ್ರಿ. ಬೇರೆ ಯಾರಾರೂ ಇದ್ದಿದ್ರಾ ಕೆರಾಡಿಯಂಗೆ?"

"ಛೆ!"

"ಹಾಂಗಾರೆ ಎಂತಕ್ಕೆ?"

ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ನಾನು ಚಿಕ್ಕಂದಿನಲ್ಲಿ ಬಿಟ್ಟ ನಮ್ಮ ಮನೆಯ ಮಾತು. "ಹೆದ್ರ್ಕಿ ಆಯ್ತ್ ಮಾರಾಯ್ತಿ. ಶನಿವಾರಕ್ಕಾರೆ ಹತ್ ಮಾತ್ ಒಟ್ಟ್ ಮಾಡ್ಕಂಡ್ ಬತ್ತಿದ್ದೆ. ದಿನಾ ಮನೇಲ್ ಇದ್ರೆ ಎಂತ ಮಾತಾಡ್ಲಿ? ಇವ್ನಂಗೆ ಎಂತದೂ ಇಲ್ಲ ಅಂದ್ ನಿಂಗೆ ಗೊತ್ತಾತಿತ್ತ್."

ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. "ನಂಗೆ ಮಾತ್ ಬೇಕಂದ್ ಯಾರ್ ಹೇಳ್ರ್? ಆ ವರ್ಷ ನಂಗೆ ಸೊಂಟ ನೋವು. ಬಸ್ಸಂಗೆ ನಿತ್ಕಂಡ್ ಬಂದ್, ಬಾಗ್ಲ್ ತೆಗ್ದ್, ಒಳ್ಗ್ ಕತ್ಲೆ. ಒಬ್ರ್ ಇದ್ದಿದ್ರೆ ಸಾಕಿತ್ತ್. ಬಾಯಿ ಇಲ್ದಿದ್ರೂ ಆತಿತ್ತ್."

ಸೊಂಟ ನೋವಿನ 'ಸೊ' ಕೂಡ ನನಗೆ ಗೊತ್ತಿರಲಿಲ್ಲ. ಶನಿವಾರ ಅವಳು ಅದನ್ನು ಹೇಳಿರಲಿಲ್ಲ. ಇದ್ದ ಒಂದು ದಿನವನ್ನು ನೋವಿನ ಮಾತಿಗೆ ಯಾಕೆ ಖರ್ಚು ಮಾಡುವುದೆಂದು ಬಿಟ್ಟಳಂತೆ.

ಕ್ಷಮಿಸಿದ್ದೇನೆಂದು ಅವಳು ಇಂದಿನವರೆಗೆ ಹೇಳಿಲ್ಲ. ಕೇಳುವ ಧೈರ್ಯ ನನಗೂ ಇಲ್ಲ. ಅದಾಗಿ ಎರಡು ವಾರ ನಮ್ಮ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಆದರೆ ಪ್ರತಿ ಸಂಜೆ ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ ನಾನು ಎದ್ದು ಹೋಗುವುದನ್ನು ಬಿಟ್ಟೆ. ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಮೊದಮೊದಲು ಆ ಹತ್ತು ನಿಮಿಷ ಒಂದು ಇಡೀ ಅವಧಿಗಿಂತ ಉದ್ದವೆನಿಸುತ್ತಿತ್ತು.

ಮೊನ್ನೆ ಹಾಗೆ ಕುಳಿತಿದ್ದಾಗ, ಯಾವ ಪೂರ್ವತಯಾರಿಯೂ ಇಲ್ಲದೆ, ಕೇಳಿದೆ. "ನಾನು ಇಲ್ಲದ ಬುಧವಾರಗಳಲ್ಲಿ ನೀನು ಏನು ಮಾಡುತ್ತಿದ್ದೆ?"

ಅವಳು ಕಣ್ಣು ತೆರೆಯಲಿಲ್ಲ. "ಬುಧವಾರವಾ? ಎಂತ ಮಾಡುದ್? ಗಂಜಿ. ಒಂದ್ ತುಂಡ್ ಉಪ್ಪಿನ್ಕಾಯಿ. ಮಕ್ಳ್ ಪುಸ್ತಕ ತಿದ್ದುದ್. ನಿದ್ರಿ."

"ಮತ್ತೆ?"

"ಮತ್ತೆಂತ ಮಾರಾಯ್ರೆ? ಗುರುವಾರ ಬಪ್ಪುದ್."

ಅಷ್ಟು ಹೇಳಿ ಅವಳು ಕಾಲು ಚಾಚಿ ಸರಿಯಾಗಿ ಕುಳಿತುಕೊಂಡಳು. ನಾನು ಗುರುವಾರದ ಬಗ್ಗೆಯೂ ಕೇಳಿದೆ.